ಹಳೆಯ ಫೋಟೊ, ಕಡತಗಳನ್ನು ಕಾಪಾಡಲು ಹೊರಟ ಇತಿಹಾಸ ಸಂಘಕ್ಕೆ ನಿಮ್ಮ ಅನುಭವದ ಸಲಹೆ ಬೇಕು

ಪ್ರಶ್ನೆ

ನಮ್ಮ ಸ್ಥಳೀಯ ಇತಿಹಾಸ ಸಂಘ ಇತ್ತೀಚೆಗಷ್ಟೇ ಆರಂಭವಾಗಿದೆ. ಉಪನ್ಯಾಸಗಳಿಗೆ ಜನ ಬರುತ್ತಾರೆ, ಆದರೆ ಮನೆಯಲ್ಲಿರುವ ಹಳೆಯ ಪತ್ರ, ಫೋಟೊ, ಲೆಕ್ಕದ ಪುಸ್ತಕಗಳನ್ನು ಹೊರತೆಗೆಯಲು ಹಿಂಜರಿಯುತ್ತಾರೆ. ಕೆಲವರು ನಂಬಿ ಕೊಟ್ಟ ವಸ್ತುಗಳು ಪೆಟ್ಟಿಗೆಗಳಲ್ಲಿ ಹಾಗೆಯೇ ಬಿದ್ದಿವೆ. ಬೆರಳೆಣಿಕೆಯ ಸ್ವಯಂಸೇವಕರು ಕಾರ್ಯಕ್ರಮ ಮತ್ತು ಸಂರಕ್ಷಣೆ ಎರಡನ್ನೂ ಹೇಗೆ ನಿಭಾಯಿಸಬೇಕು? ಹರಿದ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಸಂಘವೊಂದರ ಕಾರ್ಯದರ್ಶಿಯ ಉತ್ತರ

ನಮಸ್ಕಾರ. ಕಾರ್ಯಕ್ರಮ ಬೇರೆ, ಸಂರಕ್ಷಣೆ ಬೇರೆ ಎಂದು ಎಣಿಸಿದರೆ ಎರಡಕ್ಕೂ ಜನ ಸಾಲುವುದಿಲ್ಲ. ಕಾರ್ಯಕ್ರಮದಲ್ಲೇ ಸಂರಕ್ಷಣೆಯ ಕೆಲಸ ನಡೆಯುವಂತೆ ಮಾಡಬೇಕು. ನಾವು ಉಪನ್ಯಾಸಗಳನ್ನು ಕಡಿಮೆ ಮಾಡಿ, ಜನ ತಮ್ಮ ಹಳೆಯ ವಸ್ತುಗಳನ್ನು ತಂದು ಸ್ಕ್ಯಾನ್ ಮಾಡಿಸಿಕೊಂಡು ಹೋಗುವ ದಿನಗಳನ್ನು ಆರಂಭಿಸಿದೆವು. ಮೂಲವಸ್ತುವನ್ನು ಅಂದೇ ನಿಮ್ಮ ಕೈಗೆ ಹಿಂದಿರುಗಿಸುತ್ತೇವೆ ಎಂದು ಆಹ್ವಾನದಲ್ಲೇ ಬರೆದದ್ದರಿಂದ ಹಿಂಜರಿಕೆ ಬಹುಮಟ್ಟಿಗೆ ಕಡಿಮೆಯಾಯಿತು.

ಸ್ಕ್ಯಾನರ್‌ಗಿಂತ ಮುಖ್ಯವಾದುದು ಅದರ ಪಕ್ಕದ ಮಾತಿನ ಮೇಜು. ಹಿರಿಯರೊಬ್ಬರು ಶಾಲೆಯ ಗುಂಪು ಫೋಟೊ ತಂದಿದ್ದರು. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳು ಅರ್ಧ ಅಳಿಸಿಹೋಗಿದ್ದವು. ನಮ್ಮ ಸ್ವಯಂಸೇವಕಿ ಸ್ಕ್ಯಾನ್ ಪ್ರತಿಯನ್ನು ಸಾದಾ ಹಾಳೆಯಲ್ಲಿ ಮುದ್ರಿಸಿ, ಪ್ರತಿ ತಲೆಗೂ ಒಂದು ಸಂಖ್ಯೆ ಹಾಕಿ, ಅವರು ಬೆರಳಿಟ್ಟು ಹೇಳುತ್ತಾ ಹೋದ ಹೆಸರುಗಳನ್ನು ಸಾಲಾಗಿ ಬರೆದುಕೊಂಡರು. ಅವರಿಗೆ ನೆನಪಾಗದ ಮುಖವೊಂದನ್ನು ಹಿಂದೆ ಸರದಿಯಲ್ಲಿ ನಿಂತಿದ್ದವರು ಗುರುತಿಸಿದರು. ಅಂಥ ಗುರುತಿಸುವಿಕೆ ಜನ ಸೇರಿದಾಗ ಮಾತ್ರ ಸಾಧ್ಯ, ಮತ್ತು ಹೆಸರಿಲ್ಲದ ಫೋಟೊ ಎಷ್ಟು ಚೆನ್ನಾಗಿ ಉಳಿದಿದ್ದರೂ ಅರ್ಧ ಕಳೆದುಹೋದಂತೆಯೇ ಎಂದು ನಾನು ಭಾವಿಸುತ್ತೇನೆ.

'ಇದರಲ್ಲಿ ಯಾರಿದ್ದಾರೆ' ಎಂದು ಕೇಳಿದರೆ ಒಂದು ಸಾಲಿನ ಉತ್ತರ ಬರುತ್ತದೆ. 'ಇದನ್ನು ಇಷ್ಟು ಕಾಲ ಯಾರು ಜೋಪಾನ ಮಾಡಿದರು' ಎಂದು ಕೇಳಿದರೆ ಮನೆತನದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಫೋಟೊಗಳ ಎರಡೂ ಬದಿಗಳನ್ನು 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ, ಗುಣಮಟ್ಟ ಕಳೆದುಕೊಳ್ಳದ ಟಿಫ್ (TIFF) ಕಡತವಾಗಿ ಇಟ್ಟುಕೊಳ್ಳಿ, ತಂದವರಿಗೆ ಗಾತ್ರದಲ್ಲಿ ಚಿಕ್ಕದಾದ ಜೆಪೆಗ್ (JPEG) ಪ್ರತಿ ಕೊಡಿ.

ದಾಖಲೆ ಸಂರಕ್ಷಣೆಯಲ್ಲಿ ಕೆಲಸ ಮಾಡಿದವರ ಉತ್ತರ

ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಶಾಖ ಮತ್ತು ಅಂಟಿನಿಂದ ಕಾಗದಕ್ಕೆ ಹಿಡಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸುವುದು ಬಹುಪಾಲು ಅಸಾಧ್ಯ, ಮತ್ತು ಕಾಗದದೊಳಗಿನ ಆಮ್ಲ ಒಳಗೇ ಉಳಿದು ಅದನ್ನು ತಿನ್ನುತ್ತಲೇ ಇರುತ್ತದೆ. 20ನೇ ಶತಮಾನದ ಮಧ್ಯಭಾಗದಲ್ಲಿ ದೊಡ್ಡ ಪತ್ರಾಗಾರಗಳೇ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆಗಳಿಂದ ಅಮೂಲ್ಯ ದಾಖಲೆಗಳನ್ನು ಲ್ಯಾಮಿನೇಟ್ ಮಾಡಿಸಿದ್ದವು. ಈಗ ಸಂರಕ್ಷಕರು ಅದನ್ನೇ ಕಷ್ಟಪಟ್ಟು ಬಿಡಿಸುತ್ತಿದ್ದಾರೆ. ಸೆಲೋ ಟೇಪ್ ಕೂಡ ಹಾಗೆಯೇ: ಅದರ ಅಂಟು ಹಳದಿಗಟ್ಟಿ ಕಾಗದದ ಎಳೆಗಳೊಳಗೆ ಇಳಿದುಬಿಡುತ್ತದೆ. ಹರಿದ ಪತ್ರವನ್ನು ಪಾರದರ್ಶಕ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಲಕೋಟೆಯಲ್ಲಿ ಸುಮ್ಮನೆ ಸೇರಿಸಿಡಿ. ಪಿವಿಸಿ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಲಕೋಟೆ ಬೇಡ. ದುರಸ್ತಿ ಬೇಕೇಬೇಕಿದ್ದರೆ ತರಬೇತಿ ಪಡೆದವರು ತೆಳುವಾದ ಜಪಾನೀ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಮಾಡುತ್ತಾರೆ, ಏಕೆಂದರೆ ಅದನ್ನು ಮುಂದೆ ನೀರಿನ ಪಸೆಯಿಂದ ಬಿಡಿಸಬಹುದು.

19ನೇ ಶತಮಾನದ ಮಧ್ಯಭಾಗದ ನಂತರ ಮರದ ತಿರುಳಿನಿಂದ ತಯಾರಾದ ಕಾಗದದಲ್ಲಿ, ಅದರಲ್ಲೂ ವೃತ್ತಪತ್ರಿಕೆಗಳಲ್ಲಿ, ಆಮ್ಲದ ಅಂಶ ಹೆಚ್ಚು. ಪತ್ರಗಳ ನಡುವೆ ಪತ್ರಿಕೆಯ ತುಣುಕು ಸಿಕ್ಕಿಕೊಂಡಿದ್ದರೆ ಅದೇ ಆಕಾರದ ಕಂದು ಕಲೆ ಅಕ್ಕಪಕ್ಕದ ಹಾಳೆಗಳ ಮೇಲೆ ಮೂಡಿರುವುದನ್ನು ನೀವೇ ಕಾಣುವಿರಿ. ಅಂಥ ತುಣುಕುಗಳನ್ನು ಬೇರ್ಪಡಿಸಿ, ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ನಿಧಾನವಾಗಿ ತೆಗೆದು, ಆಮ್ಲರಹಿತ ಕಾಗದದ ಹೊದಿಕೆಯಲ್ಲಿಡಿ. ಪೆಟ್ಟಿಗೆಗಳು ನೆಲಕ್ಕೂ ಹೊರಗೋಡೆಗೂ ತಾಗಬಾರದು. ಕೋಣೆಯ ತೇವಾಂಶ ಹೆಚ್ಚು ಕಾಲ ಶೇಕಡ 60ಕ್ಕಿಂತ ಮೇಲಿದ್ದರೆ ಬೂಷ್ಟು ಹಿಡಿಯುವ ಅಪಾಯ ಬೆಳೆಯುತ್ತದೆ.

ನೀರು ನುಗ್ಗಿದರೆ ಸುಮಾರು 48 ಗಂಟೆಗಳೊಳಗೆ ಒಣಗಿಸಬೇಕು, ಆಗದಿದ್ದರೆ ಘನೀಕರಿಸಿ ಇಡಬೇಕು. 1966ರ ನವೆಂಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯಗಳು ಪ್ರವಾಹದಲ್ಲಿ ಮುಳುಗಿದಾಗ ಹಲವು ದೇಶಗಳಿಂದ ಬಂದ ಸ್ವಯಂಸೇವಕರು ಕೆಸರಿನಿಂದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿದರು. ಇಂದಿನ ಸಂರಕ್ಷಣಾ ವಿಧಾನಗಳಲ್ಲಿ ಎಷ್ಟೋ ಆಗಿನ ಅನುಭವದಿಂದ ರೂಪುಗೊಂಡವು. ಆದ್ದರಿಂದ ನಿಮ್ಮ ಸ್ವಯಂಸೇವಕರಿಗೆ ಕೊಡುವ ಮೊದಲ ತರಬೇತಿ ಇದೇ ಆಗಿರಲಿ: ಒದ್ದೆ ಹಾಳೆಗಳನ್ನು ಹೇಗೆ ಎತ್ತಬೇಕು, ಯಾರಿಗೆ ಮೊದಲು ಕರೆ ಮಾಡಬೇಕು ಎಂಬುದು.

ಇನ್ನೊಬ್ಬರ ಉತ್ತರ

ದಾನಪತ್ರವಿಲ್ಲದೆ ಯಾವುದನ್ನೂ ಸ್ವೀಕರಿಸಬೇಡಿ. ನನಗೆ ಪರಿಚಯವಿರುವ ಸಂಘವೊಂದರಲ್ಲಿ ಬಾಯಿಮಾತಿನ ಮೇಲೆ ಪಡೆದ ಆಲ್ಬಂ ಒಂದನ್ನು, ಕೊಟ್ಟವರು ತೀರಿಕೊಂಡ ಬಳಿಕ, ಅವರ ಮಕ್ಕಳು ಎರವಲು ಕೊಟ್ಟದ್ದೆಂದು ವಾದಿಸಿ ವಾಪಸು ಕೇಳಿದರು. ಯಾರದೂ ತಪ್ಪಿರಲಿಲ್ಲ, ಬರವಣಿಗೆ ಇರಲಿಲ್ಲ ಅಷ್ಟೇ. ದಾನವೋ ಎರವಲೋ, ಪ್ರಕಟಿಸಲು ಅನುಮತಿ ಇದೆಯೋ ಇಲ್ಲವೋ ಎಂಬುದು ಒಂದು ಪುಟದಲ್ಲಿ ಸಹಿಯೊಂದಿಗೆ ಇರಬೇಕು. ಫೋಟೊ ಒಡೆತನದಲ್ಲಿದ್ದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯವೂ ಅವರದೇ ಆಗಿರಬೇಕೆಂದಿಲ್ಲ ಎಂಬುದೂ ನೆನಪಿರಲಿ. ನೋಡಿಕೊಳ್ಳಲು ಆಗದ ವಸ್ತುವನ್ನು ವಿನಯದಿಂದ ನಿರಾಕರಿಸಿ, ಸೂಕ್ತ ಸಂಸ್ಥೆಯನ್ನು ಸೂಚಿಸುವುದೂ ಸಂರಕ್ಷಣೆಯೇ.

ಮೌಖಿಕ ಇತಿಹಾಸ ದಾಖಲಿಸುವವರ ಉತ್ತರ

ಮೇಲಿನವರು ಹೇಳಿದ ಮಾತಿನ ಮೇಜಿನಲ್ಲೇ ಯಾರ ನೆನಪುಗಳನ್ನು ಧ್ವನಿಮುದ್ರಿಸಬೇಕು ಎಂಬುದೂ ತಿಳಿಯುತ್ತದೆ. ಅಂಥವರ ಮನೆಗೆ ಇನ್ನೊಂದು ದಿನ ಹೋಗಿ, ಒಪ್ಪಿಗೆ ಪಡೆದು, ಫ್ಯಾನ್ ನಿಲ್ಲಿಸಿ, ಪ್ರತ್ಯೇಕ ಮೈಕ್ ಇಟ್ಟು, ಧ್ವನಿಯ ಗುಣಮಟ್ಟ ಕುಗ್ಗಿಸದ ಡಬ್ಲ್ಯುಎವಿ (WAV) ರೂಪದಲ್ಲಿ ದಾಖಲಿಸಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ 1948ರಲ್ಲಿ ಇಂಥ ಕೆಲಸಕ್ಕೆ ಸಾಂಸ್ಥಿಕ ರೂಪ ಕೊಟ್ಟಾಗ ಗಮನವಿದ್ದುದು ಗಣ್ಯರ ಮೇಲೆ. ಸ್ಥಳೀಯ ಸಂಘಕ್ಕೆ ಅಂಚೆ ಹಂಚಿದವರು, ದಾದಿಯರು, ಗಾರೆ ಕೆಲಸದವರು ಅಷ್ಟೇ ಮುಖ್ಯ. ಪ್ರತಿ ಡಿಜಿಟಲ್ ಕಡತಕ್ಕೂ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮ ಪಾಲಿಸಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಮತ್ತು ಜೂನ್ 9ರ ಅಂತರರಾಷ್ಟ್ರೀಯ ಪತ್ರಾಗಾರ ದಿನಗಳಂದು, ಹೇಳಿದವರ ಒಪ್ಪಿಗೆಯಿದ್ದರೆ, ಆಯ್ದ ಭಾಗಗಳನ್ನು ಎಲ್ಲರಿಗೂ ಕೇಳಿಸಿ. ಮುಂದಿನ ಸ್ಕ್ಯಾನಿಂಗ್ ದಿನಕ್ಕೆ ಜನ ತಾವಾಗಿಯೇ ಬರುತ್ತಾರೆ.

ಕಾರ್ಯದರ್ಶಿಯ ಮರುಉತ್ತರ

ಬಿದ್ದಿರುವ ಪೆಟ್ಟಿಗೆಗಳ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಅವುಗಳನ್ನು ವಿಷಯವಾರು ವಿಂಗಡಿಸಲು ಹೋಗಬೇಡಿ. ಕೊಟ್ಟವರು ಜೋಡಿಸಿದ್ದ ಕ್ರಮವೇ ಒಂದು ಮಾಹಿತಿ. ಒಂದು ನೋಂದಣಿ ಪುಸ್ತಕ ತೆರೆದು, ಪ್ರತಿ ಪೆಟ್ಟಿಗೆಗೂ ಸಂಖ್ಯೆ, ಕೊಟ್ಟವರ ಹೆಸರು, ಬಂದ ದಿನ, ಒಳಗಿರುವುದರ ಸ್ಥೂಲ ವಿವರಗಳನ್ನು ಬರೆಯಿರಿ. ಕೊಟ್ಟವರು ಇನ್ನೂ ನಿಮ್ಮ ಸಂಪರ್ಕದಲ್ಲಿರುವ ಪೆಟ್ಟಿಗೆಗಳಿಂದಲೇ ಆರಂಭಿಸಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.