ಟೋಕಿಯೋ ಸೋಫುಬಿ (ಮೆತ್ತನೆ ವಿನೈಲ್ ಬೊಂಬೆ) ಮೇಳಕ್ಕೆ ಸಿಗುವುದು ಒಂದೇ ಭಾನುವಾರ, ಎಲ್ಲಿಗೆ ಕಳಿಸಲಿ? ಹಳೆ ಬ್ಲಾಗುಗಳೆಲ್ಲ ಎಲ್ಲಿ ಹೋದವು?

ಕುಂಬಳೆ ಕೈಜು:

ನಮಸ್ಕಾರ ಎಲ್ಲರಿಗೂ. ನಮ್ಮ ಭಾವನನ್ನು ಅವರ ಕಂಪನಿ ಈ ಚಳಿಗಾಲಕ್ಕೆ ಟೋಕಿಯೋಗೆ ಕಳಿಸುತ್ತಿದೆ. ಅವರಿಗೆ ಬೊಂಬೆಗಳ ಗಂಧಗಾಳಿ ಇಲ್ಲ. ಗಾಡ್ಜಿಲಾ ಅಂದರೆ ದೊಡ್ಡ ಹಲ್ಲಿ ಅಲ್ವಾ ಅಂತ ಕೇಳಿದವರು. ಆದರೂ ಒಂದು ಭಾನುವಾರ ನಿನಗಾಗಿ ಬಿಡುತ್ತೇನೆ ಅಂದಿದ್ದಾರೆ, ಇನ್ನೇನು ಬೇಕು. ವಂಡರ್ ಫೆಸ್ಟಿವಲ್‌ಗೆ ಕಳಿಸಲಾ, ಸೂಪರ್ ಫೆಸ್ಟಿವಲ್‌ಗಾ? ಜಪಾನಿ ಭಾಷೆ ಬಾರದ, ಯಾವ ಸಾಲಿನಲ್ಲಿ ನಿಲ್ಲಬೇಕು ಅಂತಲೂ ಗೊತ್ತಿಲ್ಲದ ಮನುಷ್ಯರಿಗೆ ಅಲ್ಲಿ ಏನಾದರೂ ಸಿಗುತ್ತದಾ?

ಮೊದಲಾದರೆ ಇದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೇಳ ಮುಗಿದ ರಾತ್ರಿಯೇ ಯಾರಾದರೂ ಹೋಟೆಲ್ ರೂಮಿನಲ್ಲಿ ಕೂತು ಉದ್ದಕ್ಕೆ ಬರೆದು ಹಾಕುತ್ತಿದ್ದರು. ಯಾವ ಮೇಜಿನ ಮುಂದೆ ಎಷ್ಟು ಜನ, ಯಾವ ಬಣ್ಣ ಮೊದಲು ಖಾಲಿ, ಈ ಸಲ ಯಾರು ಬರಲೇ ಇಲ್ಲ, ಮಧ್ಯಾಹ್ನ ಊಟಕ್ಕೆ ಎಲ್ಲಿ ಹೋದರು, ಎಲ್ಲವೂ ಇರುತ್ತಿತ್ತು. ಈಗ ಹುಡುಕಿದರೆ ಇನ್‌ಸ್ಟಾಗ್ರಾಂನಲ್ಲಿ ಒಂದು ಚಂದದ ಫೋಟೋ, ಅದರ ಕೆಳಗೆ ಬೆಂಕಿಯ ಇಮೋಜಿ. ನಾನು ಉಳಿಸಿಟ್ಟುಕೊಂಡಿದ್ದ ಲಿಂಕುಗಳಲ್ಲಿ ಹೆಚ್ಚಿನವು ತೆರೆಯುವುದಿಲ್ಲ, ತೆರೆದರೂ ಫೋಟೋ ಇಲ್ಲ. ಎಲ್ಲರೂ ಒಟ್ಟಿಗೆ ಯಾಕೆ ಬಿಟ್ಟರು ಮಾರಾಯ್ರೇ?

ಹೊಸೂರು ಅಚ್ಚುಮನೆ:

ಮೊದಲು ನಿಮ್ಮ ಭಾವನ ವಿಷಯ. ವಂಡರ್ ಫೆಸ್ಟಿವಲ್ ವರ್ಷಕ್ಕೆ ಎರಡೇ ಸಲ, ಚಳಿಗಾಲದ್ದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅದು ನಡೆಯುವುದು ಟೋಕಿಯೋದಲ್ಲೂ ಅಲ್ಲ, ಪಕ್ಕದ ಚೀಬಾದ ಮಕುಹಾರಿ ಮೆಸ್ಸೆಯಲ್ಲಿ. ಟೋಕಿಯೋ ಸ್ಟೇಷನ್ನಿನಿಂದ ಕೇಯೋ ಲೈನ್ ಹಿಡಿದು ಕಾಯಿಹಿನ್ ಮಕುಹಾರಿಯಲ್ಲಿ ಇಳಿಯಬೇಕು. ಆದರೆ ಅಲ್ಲಿ ಗ್ಯಾರೇಜ್ ಕಿಟ್ಟೇ ರಾಜ, ಅಂದರೆ ಕೊಂಡವರೇ ಜೋಡಿಸಿ ಬಣ್ಣ ಹಚ್ಚಬೇಕಾದ ಬೊಂಬೆಯ ಬಿಡಿಭಾಗಗಳು. ಮನೆಯಲ್ಲೇ ರೆಸಿನ್ ಎರಕ ಹೊಯ್ದು ತಂದವರ ಮೇಜುಗಳು ಸಾಲುಸಾಲು, ಜೊತೆಗೆ ದೊಡ್ಡ ಕಂಪನಿಗಳ ಹೊಸ ಫಿಗರ್‌ಗಳು. ಅಲ್ಲಿನ ಒಂದು ಏರ್ಪಾಡು ನನಗೆ ಬಹಳ ಇಷ್ಟ. ಪರವಾನಗಿ ಆ ಒಂದು ದಿನಕ್ಕೆ ಮಾತ್ರ. ಹೆಸರಾಂತ ಪಾತ್ರದ ಬೊಂಬೆಯನ್ನು ಒಬ್ಬ ಹವ್ಯಾಸಿ ಮಾಡಿ, ಹಕ್ಕು ಇರುವವರ ಒಪ್ಪಿಗೆ ತೆಗೆದುಕೊಂಡು, ಆ ಹಾಲ್‌ನಲ್ಲಿ ಆ ದಿನ ಮಾರಬಹುದು, ಮರುದಿನ ಮಾರುವ ಹಾಗಿಲ್ಲ. ಸೋಫುಬಿಯೂ ಇರುತ್ತದೆ, ಆದರೆ ಹೊಸಬರು ಅದನ್ನು ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ.

ನಿಮಗೆ ಬೇಕಾದದ್ದು ಸೂಪರ್ ಫೆಸ್ಟಿವಲ್. ಚಿಕ್ಕದು, 1990ರ ದಶಕದಿಂದ ಇದೆ, ಊರ ನಡುವೆ ಕಿತಾನೊಮಾರು ಪಾರ್ಕಿನ ವಿಜ್ಞಾನ ಮ್ಯೂಸಿಯಂ ಕಟ್ಟಡದಲ್ಲಿ ನಡೆಯುತ್ತಾ ಬಂದಿದೆ. ಹಳೆ ಬೊಂಬೆ ಮಾರುವ ವ್ಯಾಪಾರಿಗಳೂ ಈಗಿನ ಸೋಫುಬಿ ಮಾಡುವವರೂ ಒಂದೇ ಸೂರಿನಡಿ ಸಿಗುತ್ತಾರೆ. ಜಾಸ್ತಿ ಬೇಡಿಕೆ ಇರುವ ಮೇಜಿನಲ್ಲಿ ಬೆಳಿಗ್ಗೆಯೇ ಲಾಟರಿ ಚೀಟಿ ಎತ್ತಿಸುತ್ತಾರೆ. ನಂಬರ್ ಬಂದರೆ ಕೊಳ್ಳುವ ಸರದಿ, ಬರದಿದ್ದರೆ ಕೈಮುಗಿದು ಮುಂದಿನ ಮೇಜು. ವಾದ ಮಾಡಿ ಪ್ರಯೋಜನ ಇಲ್ಲ ಅಂತ ಭಾವನಿಗೆ ಮೊದಲೇ ಹೇಳಿಬಿಡಿ! ಯೆನ್ ನಗದು ಇರಲಿ, ಬೇಕಾದ ಬೊಂಬೆಯ ಫೋಟೋ ಫೋನಿನಲ್ಲಿರಲಿ, ಅದನ್ನು ತೋರಿಸಿದರೆ ಭಾಷೆ ಬೇಕಾಗುವುದಿಲ್ಲ. ಅವರ ಭಾನುವಾರಕ್ಕೆ ಎರಡೂ ಮೇಳ ಇಲ್ಲದಿದ್ದರೆ ಅಂಗಡಿಗಳೇ ತುಂಬಿದ ಕಟ್ಟಡ ನಕಾನೊ ಬ್ರಾಡ್‌ವೇಗೆ ಹೋಗಲಿ. ಹಳೆ ಕಾಮಿಕ್ಸ್, ಬೊಂಬೆ ಮಾರುವ ಮಂದರಾಕೆ ಅಂಗಡಿ 1980ರಲ್ಲಿ ಶುರುವಾದದ್ದೇ ನಕಾನೊದಲ್ಲಿ. ಈಗ ಆ ಕಟ್ಟಡದೊಳಗೆ ಅವರದ್ದೇ ಹಲವು ಅಂಗಡಿಗಳಿವೆ.

ಬ್ಲಾಗ್ ವಿಷಯಕ್ಕೆ ಬಂದರೆ, ಯಾರೂ ಒಟ್ಟಿಗೆ ಬಿಡಲಿಲ್ಲ, ಕಾಲ ಕೆಳಗಿನ ಹಲಗೆ ಒಂದೊಂದಾಗಿ ಹೋಯಿತು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಹೊಸ ಬರಹ ಬಂದದ್ದು ಓದುವವರಿಗೆ ತಿಳಿಯುವ ದಾರಿಯೇ ತಪ್ಪಿತು. 2017ರಲ್ಲಿ ಫೋಟೋಬಕೆಟ್‌ನವರು ತಮ್ಮಲ್ಲಿಟ್ಟ ಫೋಟೋವನ್ನು ಬೇರೆ ಪುಟದಲ್ಲಿ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಅಂದರು. ಬೊಂಬೆ ಬ್ಲಾಗುಗಳಲ್ಲಿ ಅರ್ಧ ಫೋಟೋ ಅಲ್ಲೇ ಇದ್ದದ್ದು. ಜಪಾನಿನಲ್ಲಿ ಜನ ತಮ್ಮ ಪುಟ ಕಟ್ಟಿಕೊಳ್ಳುತ್ತಿದ್ದ ಯಾಹೂ ಜಿಯೋಸಿಟೀಸ್ 2019ರ ಮಾರ್ಚಿಗೆ, ಯಾಹೂ ಬ್ಲಾಗ್ ಅದೇ ವರ್ಷದ ಡಿಸೆಂಬರಿಗೆ ನಿಂತವು. ಅಲ್ಲಿನ ಹಿರಿಯ ಸಂಗ್ರಾಹಕರು ಬರೆದಿಟ್ಟದ್ದರಲ್ಲಿ ಬಹಳಷ್ಟು ಹಾಗೆ ಹೋಯಿತು. 2020ರ ಬೇಸಿಗೆಯ ವಂಡರ್ ಫೆಸ್ಟಿವಲ್ ಕೊರೊನಾದಿಂದ ರದ್ದಾದಾಗ, ಅಳಿದುಳಿದವರಿಗೂ ಬರೆಯಲು ಏನೂ ಇರಲಿಲ್ಲ.

ಮಂಜೇಶ್ವರ ಮಿಂಚುಳ್ಳಿ:

ಬ್ಲಾಗಿನ ಕಾಲವೇ ಚಿನ್ನದ ಕಾಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದವರು ಹೆಚ್ಚಾಗಿ ವಿಮಾನ ಹತ್ತಿ ಜಪಾನಿಗೆ ಹೋಗುವಷ್ಟು ದುಡ್ಡಿದ್ದವರು. ಅವರು ಹೊಗಳಿದ್ದು ಒಳ್ಳೆ ಬೊಂಬೆ, ಅವರು ನೋಡದೆ ದಾಟಿದ ಮೇಜು ಇದ್ದೂ ಇಲ್ಲದ ಹಾಗೆ. ಒಂದು ಬಣ್ಣದ ಬಗ್ಗೆ ನಾಲ್ಕು ಸಾಲು ಬಂತೋ, ವಾರದೊಳಗೆ ಹರಾಜಿನಲ್ಲಿ ಅದರ ಬೆಲೆ ನಮ್ಮ ಕೈಗೆ ಸಿಗದಷ್ಟು ಮೇಲೆ. ಕಾಮೆಂಟಿನಲ್ಲಿ ಏನಾದರೂ ಕೇಳಿದರೆ, ಮೊದಲು ಹಳೆಯದನ್ನೆಲ್ಲ ಓದಿ ಬಾ ಅಂತ ಉಪದೇಶ. ಇನ್‌ಸ್ಟಾಗ್ರಾಂ ಬಂದ ಮೇಲೆ ನಾನು ನೇರ ಬೊಂಬೆ ಮಾಡಿದವರಿಗೇ ಬರೆಯುತ್ತೇನೆ. ಲಾಟರಿ ಫಾರಂ ಅವರೇ ಹಾಕುತ್ತಾರೆ, ಮನೆಯಲ್ಲಿ ಕೂತೇ ತುಂಬಿದರಾಯಿತು. ಮೇಳಕ್ಕೆ ಹೋಗದವರಿಗೂ ಒಂದು ಬಾಗಿಲು ಉಂಟು ಈಗ.

ಆದರೆ ಒಂದು ನಷ್ಟ ನಿಜ. ಪಾದದ ಫೋಟೋ! ನಗಬೇಡಿ. ಮರುಸಾನ್ ಕಂಪನಿ 1966ರಲ್ಲಿ ಗಾಡ್ಜಿಲಾ, ಅಲ್ಟ್ರಾಮ್ಯಾನ್ ಬೊಂಬೆ ತಂದಿತು, 1968ರಲ್ಲಿ ಮುಳುಗಿತು. ಅಲ್ಲಿದ್ದವರೇ ಕೆಲವರು ಸೇರಿ ಬುಲ್‌ಮಾರ್ಕ್ ಕಟ್ಟಿದರು, ಮರುಸಾನ್‌ನ ಹಳೆ ಅಚ್ಚುಗಳನ್ನೇ ಬಳಸಿದರು, 1977ಕ್ಕೆ ಅದೂ ಮುಗಿಯಿತು. ಆಮೇಲೆ ಬೇರೆಯವರು ಮರುಮುದ್ರಣ ಅಂತ ಅದೇ ಬೊಂಬೆಗಳನ್ನು ತಂದದ್ದೂ ಉಂಟು. ಹಾಗಾಗಿ ಮುಖ ನೋಡಿ ಹಳೆಯದ್ದು ಯಾವುದು, ನಂತರದ್ದು ಯಾವುದು ಅಂತ ಹೇಳಲು ಕಷ್ಟ. ಪಾದದ ಅಡಿಯ ಮುದ್ರೆ, ವಿನೈಲ್‌ನ ಬಣ್ಣ, ದಪ್ಪ, ಸ್ಪ್ರೇ ಬಣ್ಣ ಹೊಡೆದ ರೀತಿ, ಇವನ್ನೆಲ್ಲ ನೋಡಬೇಕು. ಇವನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದು ಆ ಹುಚ್ಚು ಬ್ಲಾಗಿಗರು ಮಾತ್ರ. ಇನ್‌ಸ್ಟಾಗ್ರಾಂನಲ್ಲಿ ಯಾರೂ ಬೊಂಬೆಯನ್ನು ತಲೆಕೆಳಗು ಮಾಡುವುದಿಲ್ಲ. ಭಾವ ಹಳೆಯದ್ದು ಕೊಳ್ಳುವುದಾದರೆ ಪಾದ ತೋರಿಸಿ ಅಂತ ಕೇಳಲಿ. ವ್ಯಾಪಾರಿಗಳು ಬೇಸರ ಮಾಡಿಕೊಳ್ಳುವುದಿಲ್ಲ, ಇದು ತಿಳಿದ ಗಿರಾಕಿ ಅಂತ ಸ್ವಲ್ಪ ಮರ್ಯಾದೆಯೇ ಕೊಡುತ್ತಾರೆ.

ಮತ್ತೆ, ಅಲ್ಲಿಂದ ಪಾರ್ಸೆಲ್ ಮಾಡಿಸುವುದಕ್ಕಿಂತ ಬ್ಯಾಗಿನಲ್ಲಿ ತರಲಿ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70. ಅಂಗಡಿಯವರು ಯಾಕೆ ತರಿಸುವುದಿಲ್ಲ ಅನ್ನುವುದಕ್ಕೂ ಇದೇ ಉತ್ತರ.

ಅಕ್ಕಲಕೋಟೆ ರೋಬೋ:

ಮಿಂಚುಳ್ಳಿ ಅಕ್ಕಾ, ನಿಮ್ಮ ಸಿಟ್ಟು ಸರಿ, ಆದರೆ ಆ ದುಡ್ಡಿದ್ದವರೇ ನಮ್ಮ ಬೊಂಬೆಗಳ ಲೆಕ್ಕವನ್ನೂ ಬರೆದಿಟ್ಟರು ನೋಡಿ. ಫನ್‌ಸ್ಕೂಲ್‌ನ ಜಿ.ಐ. ಜೋ ಸೈನಿಕರು ನೆನಪಿದ್ದಾರಾ, ನಮ್ಮಲ್ಲೇ ತಯಾರಾಗುತ್ತಿದ್ದವರು? ಅಮೆರಿಕದ್ದಕ್ಕಿಂತ ಬೇರೆಯೇ ಬಣ್ಣ, ಒಬ್ಬನ ಕೈಯಲ್ಲಿ ಇನ್ನೊಬ್ಬನ ಬಂದೂಕು. ಇಲ್ಲಿ ನಾವು ಅದನ್ನು ಮಣ್ಣಿನಲ್ಲಿ ಆಡಿ ಕೈಕಾಲು ಮುರಿದೆವು. ಅಲ್ಲಿಯವರು ಬಣ್ಣ ಬಣ್ಣಕ್ಕೂ ಬೇರೆ ಪುಟ ಮಾಡಿ, ಕಾರ್ಡಿನ ಹಿಂಭಾಗದ ಅಕ್ಷರದವರೆಗೂ ದಾಖಲೆ ಇಟ್ಟರು. ಸೊಲ್ಲಾಪುರದ ಅಂಗಡಿಯಲ್ಲಿ ನೇತಾಡುತ್ತಿದ್ದ ಸಾಮಾನಿನ ವಿಷಯ ನಾನು ಓದಿ ತಿಳಿದದ್ದು ಅಮೆರಿಕದವರ ಬರಹದಿಂದ, ಕನ್ನಡದಲ್ಲಿ ಬಿಡಿ, ಮರಾಠಿಯಲ್ಲೂ ಒಂದು ಸಾಲು ನನಗೆ ಸಿಕ್ಕಿಲ್ಲ.

ಕುಂಬಳೆಯವರೇ, ಭಾವನಿಂದಲೇ ಒಂದು ವರದಿ ಬರೆಸಿ. ಏನೂ ಗೊತ್ತಿಲ್ಲದವರು ಬರೆದದ್ದು ಓದಲು ಮಜಾ ಇರುತ್ತದೆ. ಸಾಲು, ಬೆಲೆ, ಪಾದ, ಊಟ, ಎಲ್ಲ ಬರಲಿ.

ಕುಂಬಳೆ ಕೈಜು:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಸೂಪರ್ ಫೆಸ್ಟಿವಲ್, ತಾರೀಕು ಕೂಡಿ ಬಂದರೆ. ಪಾದದ ವಿಷಯ ಹೇಳಿದೆ, ಭಾವ ಫೋನಿನಲ್ಲಿ ತುಂಬ ಹೊತ್ತು ನಕ್ಕರು. ವರದಿ ಬರೆಯಲು ಮಾತ್ರ ಒಪ್ಪಲಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರಂತೆ, ಅದನ್ನು ಕೇಳಿ ಬರೆದುಕೊಳ್ಳುವ ಕೆಲಸ ನನ್ನದು.

ಇನ್ನೊಂದು ಪ್ರಶ್ನೆ, ಹೊಸೂರಿನವರಿಗೆ. ನಮ್ಮಲ್ಲಿ ಜೂನ್ ಬಂದರೆ ಗೋಡೆಯೇ ಬೆವರುತ್ತದೆ. ಕಪಾಟಿನಲ್ಲಿದ್ದ ಎರಡು ಬೊಂಬೆ ಮುಟ್ಟಿದರೆ ಅಂಟು. ಚೀಲದ ಬಾಯಿಗೆ ಹೊಡೆದ ಹೆಸರಿನ ಕಾಗದ, ಆ ಹೆಡರ್ ಕಾರ್ಡಿನಲ್ಲಿ ಬೂಷ್ಟು. ಏನು ಮಾಡುವುದು?

ಹೊಸೂರು ಅಚ್ಚುಮನೆ:

ಆ ಅಂಟು ಮಳೆಯ ನೀರಲ್ಲ. ಪಿವಿಸಿ, ಅಂದರೆ ಈ ವಿನೈಲ್, ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸಿರುತ್ತಾರೆ, ಪ್ಲಾಸ್ಟಿಸೈಸರ್, ಅದು ನಿಧಾನಕ್ಕೆ ಹೊರಗೆ ಬರುತ್ತದೆ. ಸೆಕೆಯಲ್ಲಿ ಬೇಗ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹೋಗಲು ಜಾಗ ಇಲ್ಲದೆ ಮೈಮೇಲೇ ಕೂರುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್, ಸಾಕು. ಥಿನ್ನರ್ ಹತ್ತಿರ ತರಬೇಡಿ, ಬಣ್ಣ ಕಿತ್ತು ಬರುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ, ಗಾಳಿ ಆಡುವ ಕಡೆ ಇಡಿ, ಒಂದಕ್ಕೊಂದು ತಾಗದ ಹಾಗೆ. ಥರ್ಮಾಕೋಲ್ ಮೇಲೆ ಖಂಡಿತ ಇಡಬೇಡಿ, ಆ ಎಣ್ಣೆ ಅದನ್ನು ಕರಗಿಸಿ ಬೊಂಬೆಗೆ ಅಂಟಿಸಿಬಿಡುತ್ತದೆ.

ಹೆಡರ್ ಕಾರ್ಡನ್ನು ಬೊಂಬೆಯಿಂದ ಬೇರೆ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಾಗದಕ್ಕೆ ಮುಚ್ಚಿದ ಡಬ್ಬ, ವಿನೈಲ್‌ಗೆ ತೆರೆದ ಗಾಳಿ. ಭಾವ ತರುವ ಹೊಸದನ್ನೂ ಚೀಲದಿಂದ ತೆಗೆದೇ ಇಡಿ.