ಎಕೋಗ್ರಾಂನಲ್ಲಿ ಮೇಲೆ ಹತ್ತುವ ಇನ್ನೊಂದು ‘ತಳ’: ಟ್ರಾನ್ಸ್‌ಡ್ಯೂಸರ್ ಕೆಟ್ಟಿದೆಯೇ?

ಅಲೆಗುರುತು:
ನಮಸ್ಕಾರ. ಸಂಶೋಧನಾ ಹಡಗೊಂದರ ಎಕೋಸೌಂಡರ್ (ಟ್ರಾನ್ಸ್‌ಡ್ಯೂಸರ್‌ನಿಂದ ನೀರಿಗೆ ಶಬ್ದ ಬಿಟ್ಟು, ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರ) ಡೇಟಾ ಇಳಿಸಿಕೊಂಡು, ಪೈಥಾನ್‌ನಲ್ಲಿ ಎಕೋಗ್ರಾಂ, ಅಂದರೆ ಪ್ರತಿಧ್ವನಿಗಳ ಚಿತ್ರ, ಪ್ಲಾಟ್ ಮಾಡುತ್ತಿದ್ದೇನೆ. ಅಲ್ಲಿ ಕಡಲ ಆಳ 3,300 ಮೀಟರ್, ರೇಖಾಂಶ 60 ಡಿಗ್ರಿ ಪಶ್ಚಿಮ. ಆದರೆ 38 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ 450 ಮೀಟರ್ ಹತ್ತಿರ ದಪ್ಪ ಪಟ್ಟಿಯೊಂದು ಕಾಣುತ್ತದೆ, ಥೇಟ್ ತಳದ ಹಾಗೆ. ಫೈಲ್ ಸಮಯದ ಪ್ರಕಾರ ರಾತ್ರಿ 10ರ ಹೊತ್ತಿಗೆ ಅದು ಮೇಲೆ ಹತ್ತಿ 50 ಮೀಟರ್‌ವರೆಗೆ ಬರುತ್ತದೆ, ಬೆಳಗ್ಗೆ 9ಕ್ಕೆ ಇಳಿಯುತ್ತದೆ. ಪಟ್ಟಿ ಕೆಳಗಿರುವಾಗ 120 ಕಿಲೋಹರ್ಟ್ಸ್‌ನಲ್ಲಿ ಏನೂ ಇಲ್ಲ. ನಾಯ್ಸ್ ಅಂತ ಅಳಿಸಿಬಿಡಲೇ?

ಕತ್ತಲಕಡಲು:
ಅಳಿಸಬೇಡಿ ಮಾರಾಯ್ರೇ, ಅದೇ ನಿಮ್ಮ ಡೇಟಾದ ಅಸಲು ಮಾಲು!

ಮೊದಲು ಗಡಿಯಾರ ನೋಡಿ. ಇಂಥ ಫೈಲ್‌ಗಳಲ್ಲಿ ಸಮಯ ಸಾಮಾನ್ಯವಾಗಿ ಸ್ಥಳೀಯ ಸಮಯದಲ್ಲಲ್ಲ, ಯುಟಿಸಿಯಲ್ಲಿ (0 ಡಿಗ್ರಿ ರೇಖಾಂಶದ ಜಾಗತಿಕ ಸಮಯ) ಇರುತ್ತದೆ. 15 ಡಿಗ್ರಿಗೆ ಒಂದು ಗಂಟೆ, ಅಂದರೆ ನಿಮ್ಮ ಜಾಗದಲ್ಲಿ 4 ಗಂಟೆ ಕಳೆಯಬೇಕು. ಆಗ ಹತ್ತುವುದು ಸಂಜೆ 6ಕ್ಕೆ, ಇಳಿಯುವುದು ಬೆಳಗ್ಗೆ 5ಕ್ಕೆ. ಸೂರ್ಯನ ಲೆಕ್ಕಕ್ಕೆ ಸರಿಹೋಯಿತು, ಅಲ್ವಾ?

ಅದು ಹೆಚ್ಚಾಗಿ ಲ್ಯಾಂಟರ್ನ್ ಮೀನುಗಳ ಪದರ. ಜೊತೆಗೆ ಸಿಗಡಿ, ಸ್ಕ್ವಿಡ್ ಕೂಡ ಇರುತ್ತವೆ. ಬೆರಳುದ್ದದ ಮೀನುಗಳು, ಸುಮಾರು 250 ಜಾತಿ. ಮೇಲಿನ ನೀರಿನಲ್ಲಿ ಆಹಾರ ಜಾಸ್ತಿ, ಆದರೆ ಹಗಲು ಅಲ್ಲಿದ್ದರೆ ದೊಡ್ಡ ಮೀನುಗಳ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಕತ್ತಲಾದ ಮೇಲೆ ಬಂದು ಕೋಪೆಪಾಡ್‌ಗಳನ್ನು (ಸಿಗಡಿ ಬಳಗದ ಪುಟಾಣಿ ಜೀವಿಗಳು) ತಿಂದು, ಬೆಳಕಾಗುವ ಮೊದಲು ಜಾಗ ಖಾಲಿ ಮಾಡುತ್ತವೆ. ಹೊಟ್ಟೆಯ ಕೆಳಗೆ ಸಾಲು ದೀಪಗಳಿರುತ್ತವೆ. ಮೇಲಿನಿಂದ ಬರುವ ಮಂದ ಬೆಳಕಿಗೆ ಸಮನಾಗಿ ಅವನ್ನು ಬೆಳಗಿಸಿದರೆ, ಕೆಳಗಿನಿಂದ ನೋಡುವವರಿಗೆ ಮೀನಿನ ನೆರಳೇ ಕಾಣದು. 400 ಮೀಟರನ್ನು ಒಂದೂವರೆ ಗಂಟೆಯಲ್ಲಿ ಹತ್ತಿದರೂ ಸೆಕೆಂಡಿಗೆ 7 ಸೆಂಟಿಮೀಟರ್ ಆಯಿತು. ಅಷ್ಟು ಸಣ್ಣ ಮೈಗೆ ಕಡಿಮೆ ಕೆಲಸವಲ್ಲ.

120 ಕಿಲೋಹರ್ಟ್ಸ್ ಚಾನೆಲ್ ಕೆಟ್ಟಿಲ್ಲ. ಆ ಶಬ್ದವನ್ನು ಕಡಲ ನೀರು ಬೇಗ ಹೀರಿಕೊಳ್ಳುತ್ತದೆ, 450 ಮೀಟರ್‌ಗೆ ಅದರ ಕೈ ಎಟುಕುವುದಿಲ್ಲ. ರಾತ್ರಿ ಪದರ ಮೇಲೆ ಬಂದಾಗ ಅಲ್ಲೂ ನೋಡಿ.

ನಿಮ್ಮ ಹಾಗೆಯೇ ಹಿಂದಿನವರೂ ತಲೆ ಕೆರೆದುಕೊಂಡಿದ್ದರು. 1942ರಲ್ಲಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಸೋನಾರ್ ಪ್ರಯೋಗ ಮಾಡುವಾಗ ಇಂಥ ಪದರ ಸಿಕ್ಕಿತು. 1945ರಲ್ಲಿ ಕಡಲಜೀವಿ ವಿಜ್ಞಾನಿ ಮಾರ್ಟಿನ್ ಜಾನ್ಸನ್ ಅದು ಹಗಲು-ರಾತ್ರಿ ಏರಿಳಿಯುವುದನ್ನು ನೋಡಿ, ಜೀವಿಗಳದ್ದೇ ಎಂದರು.

ಕೊನೆಪಿಂಗ್:
ಒಂದು ಮಾತು ಸೇರಿಸುತ್ತೇನೆ. ಸುಳ್ಳು ತಳವೂ ಇರುತ್ತದೆ. ಪಿಂಗ್ (ಎಕೋಸೌಂಡರ್ ಒಂದೊಂದು ಸಲ ಬಿಡುವ ಶಬ್ದ) ಅಂತರ 3.8 ಸೆಕೆಂಡ್ ಇದ್ದರೆ, 3,300 ಮೀಟರ್ ತಳದಿಂದ 4.4 ಸೆಕೆಂಡಿಗೆ ಬರುವ ಪ್ರತಿಧ್ವನಿ ಮುಂದಿನ ಪಿಂಗ್‌ನಲ್ಲಿ 0.6 ಸೆಕೆಂಡಿಗೆ ಬೀಳುತ್ತದೆ. ಪ್ಲಾಟ್‌ನಲ್ಲಿ ಅದೂ 450 ಮೀಟರ್! ಆದರೆ ಅದು ಸೂರ್ಯನನ್ನು ಕೇಳುವುದಿಲ್ಲ. ಪಿಂಗ್ ಅಂತರ ಬದಲಾದರೆ ಜಾಗ ಬದಲಿಸುತ್ತದೆ, ಮೀನಿನ ಪದರ ಬದಲಿಸುವುದಿಲ್ಲ. ಲಾಗ್ ನೋಡಿ.

ಅಲೆಗುರುತು:
ಸಮಯ ಸರಿಮಾಡಿದೆ, ಏರಿಕೆ ಸೂರ್ಯಾಸ್ತಕ್ಕೆ ಹೊಂದಿತು. ಲಾಗ್‌ನಲ್ಲಿ ಪಿಂಗ್ ಅಂತರ ಎರಡು ಸಲ ಬದಲಾಗಿದೆ, ಪಟ್ಟಿ ಕದಲಿಲ್ಲ. ಆದರೆ ರಾತ್ರಿಯೂ ಕೆಳಗೆ ತೆಳುವಾದ ಪಟ್ಟಿ ಉಳಿಯುತ್ತದೆ. ಮೇಲೆ ಬರುತ್ತಾ ಪ್ಲಾಟ್‌ನಲ್ಲಿ ಪದರದ ಹೊಳಪೂ, ಅಂದರೆ ಪ್ರತಿಧ್ವನಿಯ ಜೋರೂ, ಬದಲಾಗುತ್ತದೆ. ಮೀನುಗಳ ಸಂಖ್ಯೆ ಬದಲಾಯಿತೆಂದೇ?

ಕತ್ತಲಕಡಲು:
ಎಲ್ಲ ಮೀನೂ ದಿನಾ ಹತ್ತುವುದಿಲ್ಲ. ಸೈಕ್ಲೋಥೋನ್‌ನಂಥವು ಕೆಳಗೇ ಇರುತ್ತವೆ.

ಹೊಳಪಿನ ವಿಚಾರದಲ್ಲಿ ಹುಷಾರು. ಶಬ್ದವನ್ನು ಜೋರಾಗಿ ಹಿಂದಿರುಗಿಸುವುದು ಮೀನಿನ ಗಾಳಿಚೀಲ. 450 ಮೀಟರ್‌ನಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು 46 ಪಟ್ಟು. ಮೇಲೆ ಬಂದಂತೆ ಒತ್ತಡ ಇಳಿದು, ಚೀಲ ಯಾವ ಆವರ್ತನಕ್ಕೆ ಅನುರಣಿಸುತ್ತದೋ ಅದೂ ಬದಲಾಗುತ್ತದೆ. ಅಷ್ಟೇ ಮೀನಿದ್ದರೂ 38 ಕಿಲೋಹರ್ಟ್ಸ್‌ನಲ್ಲಿ ಹೊಳಪು ಬೇರೆ. ಕೆಲವು ಜಾತಿಗಳ ಚೀಲದಲ್ಲಿ ಗಾಳಿ ಬದಲು ಕೊಬ್ಬು ತುಂಬಿರುತ್ತದೆ, ಅವು ಮಂಕಾಗಿ ಕಾಣುತ್ತವೆ. ಇನ್ನು ಜೆಲ್ಲಿಮೀನಿನ ಬಳಗದ ಸೈಫೋನೋಫೋರ್‌ಗಳ ಪುಟ್ಟ ಗಾಳಿಗುಳ್ಳೆ ಮೀನಿನಂತೆಯೇ ಹೊಳೆದು ದಾರಿ ತಪ್ಪಿಸುತ್ತದೆ. ಬಲೆ ಹಾಕಿದ ಮಾದರಿ ಇಲ್ಲದೆ ಹೊಳಪನ್ನು ಮೀನಿನ ಲೆಕ್ಕಕ್ಕೆ ತಿರುಗಿಸಬೇಡಿ. ಸದ್ಯಕ್ಕೆ ಹಗಲು, ರಾತ್ರಿ ಬೇರೆ ಬೇರೆ ಮಾಡಿ, ಪದರದ ಆಳವನ್ನಷ್ಟೇ ಪ್ಲಾಟ್ ಮಾಡಿ. ಹುಣ್ಣಿಮೆ ರಾತ್ರಿಗಳಿದ್ದರೆ ಅವನ್ನೂ ಬೇರೆ ಇಡಿ, ಬೆಳದಿಂಗಳಿಗೆ ಪದರ ಸ್ವಲ್ಪ ಕೆಳಗೆ ನಿಲ್ಲಬಹುದು.