ಸ್ವಿಚ್ಚಿಗೆ "ಕಡಿಯೋದು" ಅಂತ ಯಾಕೆ ಹೆಸರಿಟ್ರು?

ಲೈಟ್ ಹಾಕೋಕೂ ಆರಿಸೋಕೂ ಇರೋದು ಒಂದೇ ಸ್ವಿಚ್ಚು, ಆದ್ರೆ ಲ್ಯಾಟಿನ್ನಿಂದ ಬಂದ ಭಾಷೆಗಳಲ್ಲಿ ಅದರ ಹೆಸರು ಬರೀ ಆರಿಸೋ ಕೆಲಸವನ್ನೇ ಹೇಳತ್ತೆ. ಸ್ಪ್ಯಾನಿಶ್, ಪೋರ್ಚುಗೀಸಲ್ಲಿ ಇಂತೆರುಪ್ತೋರ್, ಫ್ರೆಂಚಲ್ಲಿ ಎಂತೆರುಪ್ತರ್, ರೊಮೇನಿಯನ್ನಲ್ಲಿ ಇಂತ್ರೆರುಪತೋರ್, ಇಟಾಲಿಯನ್ನಲ್ಲಿ ಇಂತೆರ್ರುತ್ತೋರೆ (ಇಲ್ಲಿ ಪ್ತ ಹೋಗಿ ತ್ತ ಆಗಿರೋದು ನೋಡಿ, ನಮ್ಮ ಪ್ರಾಕೃತದಲ್ಲಿ ಸಪ್ತ ಸತ್ತ ಆದ ಹಾಗೇ). ಮೂಲ ಇಂಟೆರ್ ಅಂದ್ರೆ ನಡುವೆ, ರುಂಪೆರೆ ಅಂದ್ರೆ ಮುರಿ. ಇಂಟೆರ್ ಸಂಸ್ಕೃತದ ಅಂತರ್‌ಗೆ ನೆಂಟ, ರುಂಪೆರೆನ ಭಾಷಾಶಾಸ್ತ್ರದೋರು ಲುಪ್ ಧಾತುಗೆ ಸೇರಿಸ್ತಾರೆ, ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದ ಲೋಪಸಂಧಿಯ ಲೋಪ ಇದೆಯಲ್ಲ ಅದೇ. ಅಂದ್ರೆ ಸ್ವಿಚ್ಚು ಅಂದ್ರೆ ನಡುವೆ ಲೋಪ ಮಾಡೋದು! ಫ್ರೆಂಚಲ್ಲಂತೂ ಈ ಪದ ಮೊದಲು ಮನುಷ್ಯರಿಗೇ ಇತ್ತು, ಯಾರೋ ಮಾತಾಡ್ತಿದ್ರೆ ನಡುವೆ ಬಾಯಿ ಹಾಕೋನು ಅಂತ, ಗೋಡೆ ಮೇಲೆ ಹತ್ತಿದ್ದು ಕರೆಂಟ್ ಬಂದಮೇಲೆ.

ಯೋಚನೆ ಮಾಡಿದ್ರೆ ಹೆಸರು ಸರಿಯಾಗೇ ಇದೆ ಅನ್ಸತ್ತೆ. ಕರೆಂಟ್ ಹರಿಯೋಕೆ ವೈರ್ ಜೋಡಿಸಿದ್ರೆ ಸಾಕು, ಸ್ವಿಚ್ ಬೇಕಾಗೋದು ಅದನ್ನ ನಡುವೆ ತಡೆಯೋಕೆ ಮಾತ್ರ. ಮೆಟ್ಟಿಲ ಕೆಳಗೊಂದು ಮೇಲೊಂದು ಇರೋ ಟೂ ವೇ ಸ್ವಿಚ್ಚಿಗೆ ಮಾತ್ರ ಈ ಹೆಸರು ಒಗ್ಗಲ್ಲ, ಅದು ಕಡಿಯೋದಕ್ಕಿಂತ ದಾರಿ ಬದಲಾಯಿಸತ್ತೆ, ಅದಕ್ಕೇ ಸ್ಪೇನಲ್ಲಿ ಅದು ಕೊನ್ಮುತದೋರ್, ಫ್ರೆಂಚರು ಮುದ್ದಾಗಿ ವಾ-ಎ-ವ್ಯಾಂ ಅಂತಾರೆ, ಹೋಗತ್ತೆ-ಬರತ್ತೆ ಅಂತ.

ಆದ್ರೆ ಸ್ಪ್ಯಾನಿಶ್ ಆಡೋರೆಲ್ಲ ಇಂತೆರುಪ್ತೋರ್ ಅನ್ನಲ್ಲ. ಅರ್ಜೆಂಟೀನಾದೋರು ಕೀಲಿಕೈಗೆ ಇರೋ ಪದವನ್ನೇ ಇದಕ್ಕೂ ಹೇಳ್ತಾರೆ, ಕೊಲಂಬಿಯಾದಲ್ಲಿ ಇಂಗ್ಲಿಷಿಂದ ಎತ್ಕೊಂಡ ಸುಯಿಚೆ, ನಮ್ಮ ಸ್ವಿಚ್ಚಿನ ಹಾಗೇ ಕೊನೆಗೊಂದು ಸ್ವರ ಅಂಟಿಸಿ. ನಂಗೆ ತುಂಬಾ ಹಿಡಿಸಿದ್ದು ಮೆಕ್ಸಿಕೋದ ಅಪಗದೋರ್. ಅಪಗಾರ್ ಅಂದ್ರೆ ಆರಿಸು, ಅದರ ಹಿಂದಿರೋ ಲ್ಯಾಟಿನ್ ಪದ ಪಾಕಾರೆ, ಅಂದ್ರೆ ಶಾಂತ ಮಾಡು. ನಮ್ಮಜ್ಜಿ ದೇವರ ಮನೆ ದೀಪಕ್ಕೆ ಆರಿಸು ಅನ್ನೋ ಮಾತೇ ಆಡ್ತಿರಲಿಲ್ಲ, ಅಪಶಕುನ ಅಂತ, ದೀಪ ಶಾಂತ ಮಾಡು ಅಂತಿದ್ರು, ಮೆಕ್ಸಿಕೋದ ಸ್ವಿಚ್ಚಲ್ಲಿ ಅಜ್ಜಿ ಮಾತು ಸಿಗತ್ತೆ ಅಂತ ಯಾರಿಗೆ ಗೊತ್ತಿತ್ತು.

ಈಗ ನನ್ನ ಪ್ರಶ್ನೆ. ಕನ್ನಡದಲ್ಲಿ ದೀಪ ಹಾಕು, ಆರಿಸು, ಗುಂಡಿ ಒತ್ತು ಅಂತೆಲ್ಲ ಕ್ರಿಯಾಪದ ಬೇಕಾದಷ್ಟಿದೆ, ವಸ್ತುಗೆ ಮಾತ್ರ ಸ್ವಿಚ್ಚು. ನಿಮ್ಮೂರ ಕಡೆ ವೈರಿಂಗ್ ಕೆಲಸದೋರು ಅಥವಾ ಹಳಬರು ಬೇರೆ ಏನಾದ್ರೂ ಹೆಸರು ಹೇಳ್ತಿದ್ರಾ? ಪಾರಿಭಾಷಿಕ ಪದ ಬೇಡ, ಆಡುಮಾತಿನದ್ದು ಇದ್ರೆ ಹೇಳಿ.